ಮುಂಬಾಗಿಲಿನಿಂದ ಹೋದ ಶ್ರೀಮತಿ ವಾಲ್ಡೆಗ್

ವಿಯೆನ್ನಾ, ಬುಧವಾರ

ಪ್ರೀತಿಯ ಅಣ್ಣ,

ಈ ಚಳಿಗಾಲವೆಲ್ಲ ನಾನು ಜೊತೆಗಿದ್ದು ಪತ್ರಿಕೆ ಓದಿ ಹೇಳುತ್ತಿದ್ದ ಮುದುಕಿ ಶ್ರೀಮತಿ ವಾಲ್ಡೆಗ್ ನಿನ್ನೆ ಬೆಳಗ್ಗೆ ಹೋಟೆಲಿನ ತಮ್ಮ ಕೋಣೆಯಲ್ಲೇ ತೀರಿಕೊಂಡರು. ಇಲ್ಲಿ ಸತ್ತವರು ಎಂಥ ಸಿರಿವಂತರಾದರೂ ಅವರನ್ನು ಕೊಳೆಬಟ್ಟೆಯ ಬುಟ್ಟಿಯಲ್ಲಿ ಮುಚ್ಚಿ, ಆಳುಗಳ ಮೆಟ್ಟಿಲಿನಿಂದ ಇಳಿಸುತ್ತಾರೆ. “ನನ್ನನ್ನು ಹಾಗೆ ಕಳಿಸಬೇಡ ಕಣೇ” ಎಂದು ಅವರು ಬೇಡಿಕೊಂಡಿದ್ದರು. ನಾನು ಮಾತು ಕೊಟ್ಟಿದ್ದೆ. ಅವರ ವರ್ಗವನ್ನು ನಾನು ಒಪ್ಪುವುದಿಲ್ಲ, ನಿನಗೆ ಗೊತ್ತು. ಆದರೆ ಮನುಷ್ಯರು ಕೊಳೆಬಟ್ಟೆಯಲ್ಲ.

ಮ್ಯಾನೇಜರು, “ಕೆಳಗೆ ಜನ ತಿಂಡಿ ತಿಂತಾ ಇದಾರೆ ಕಣಮ್ಮ. ನಮ್ಮ ಹೋಟೆಲಲ್ಲಿ ಯಾರೂ ಸಾಯಲ್ಲ” ಎಂದ.

“ಹಾಗಾದ್ರೆ ಬದುಕಿರೋರ ಥರಾನೇ ಮುಂಬಾಗಿಲಿಂದ ಹೋಗ್ಲಿ” ಎಂದೆ.

ಸಾಮಾನು ಹೊರುವ ಲೋಯ್ಸಲ್ ಕೆಣಕಿದ: “ನೀನು ಹಂಚೋ ಕರಪತ್ರದಲ್ಲಿ ಇಂಥ ಸಾಹುಕಾರ್ತೀರಿಗೂ ಜಾಗ ಇದ್ಯಾ, ಕಾಮ್ರೇಡಮ್ಮ?”

“ಇಲ್ಲ. ಹೊರ್ತೀಯೋ ಇಲ್ವೋ, ಅದು ಹೇಳು.”

ಅವನು ಟೋಪಿಯನ್ನು ಜೇಬಿಗೆ ತುರುಕಿಕೊಂಡು, ಅವರನ್ನು ಮಲಗಿಸಿದ್ದ ಸ್ಟ್ರೆಚರಿನ ತಲೆಯ ಕಡೆ ಹಿಡಿದ, ನಾನು ಕಾಲಿನ ಕಡೆ ಹಿಡಿದೆ. ಆಳುಗಳು ಕಾಲಿಡಬಾರದ ದೊಡ್ಡ ಮೆಟ್ಟಿಲಿನ ಕೆಂಪು ಜಮಖಾನೆಯ ಮೇಲೇ ಇಳಿದೆವು. ಊಟದ ಹಾಲಿನಲ್ಲಿ ನುಡಿಸುತ್ತಿದ್ದ ಪಿಟೀಲು ನಿಂತಿತು. ವರ್ಷಗಟ್ಟಲೆ ಅವರೊಡನೆ ಇಸ್ಪೀಟಾಡಿದವರು ತಟ್ಟೆ ನೋಡುತ್ತ ಕುಳಿತರು, ಒಬ್ಬರೂ ಏಳಲಿಲ್ಲ. ಬಾಗಿಲು ಕಾಯುವ ಮುದುಕ ಮಾತ್ರ ಎರಡೂ ಕದ ತೆರೆದು ಹಿಡಿದ.

ನನ್ನ ಕೆಮ್ಮು ಕಡಿಮೆಯಾಗಿದೆ. ಶನಿವಾರದ ರೈಲಿಗೆ ಬರುತ್ತೇನೆ. ಇದರಿಂದ ನನ್ನ ಜೊತೆಗೆ ಲೋಯ್ಸಲ್‌ನ ಕೆಲಸವೂ ಹೋಯಿತು, ಅವನಿಗೆ ಮೂರು ಮಕ್ಕಳು. ನಮ್ಮಿಬ್ಬರಿಗೂ ಕೆಲಸವಿದೆಯೇ ಎಂದು ನಿಮ್ಮ ಕಾರ್ಖಾನೆಯ ಮೇಸ್ತ್ರಿಯನ್ನು ಇವತ್ತೇ ಕೇಳು. ಒಂದೇ ಕೆಲಸ ಖಾಲಿಯಿದ್ದರೆ ನನ್ನ ಹೆಸರು ಎತ್ತಬೇಡ.

ಅವಸರದಲ್ಲಿ,
ನಿನ್ನ ತಂಗಿ ಹೆರ್ಮಿ