ಗುಂಡಿ ಮುಚ್ಚಲಾಗಿದೆ

ಹೊಲಿಗೆ ಕೋಣೆ, ಮುಖ್ಯರಸ್ತೆ
ಶುಕ್ರವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಜೈಲಿನ ನೆಲ ತಣ್ಣಗಿರುತ್ತದೆ, ಹೊದಿಕೆ ಮಡಿಸಿ ಸೊಂಟದ ಕೆಳಗೆ ಹಾಕಿಕೊ. ಊಟ ಬಿಡಬೇಡ, ನಾವು ಉಪವಾಸ ಬಿದ್ದರೆ ಹೆದರುವವರು ಯಾರೂ ಉಳಿದಿಲ್ಲ. ನಾನು ಚೆನ್ನಾಗಿದ್ದೇನೆ. ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ಬಲಗಾಲು ಉಳಿಯುತ್ತದೋ ಇಲ್ಲವೋ ಇವತ್ತು ಹೇಳುತ್ತೇವೆ ಎಂದಿದ್ದಾರೆ ಡಾಕ್ಟರು. ಚಿಕ್ಕಪ್ಪ ಅಲ್ಲಿದ್ದಾರೆ. ನಾನು ಮಿಷನ್ ಮುಂದೆ ಕೂತು, ಕೈ ಓಡದೆ, ಇದನ್ನು ಬರೆಯುತ್ತಿದ್ದೇನೆ. ಕಾಗದ ಒಡೆದು ಓದುವ ಜೈಲಿನ ಸಾಹೇಬರೇ, ನಿಮಗೂ ನಮಸ್ಕಾರ. ನೀವೂ ನಡೆದೇ ಮನೆಗೆ ಹೋಗುವವರಾದರೆ ಮುಂದೆ ಓದಿ.

ವಾರ್ಡ್ ಕಚೇರಿಯವರು ಕೊಡುತ್ತೇವೆ ಎಂದಿದ್ದು ಏನೇನಾಯಿತು ಎಂದು ಕೇಳಿದ್ದೆಯಲ್ಲ, ಕೇಳು. ದಾಟಲು ಬಿಳಿ ಪಟ್ಟೆ: ಇಲ್ಲ, ಬಣ್ಣ ಬಂದಿಲ್ಲವಂತೆ. ಫುಟ್‌ಪಾತಿಗೆ ಕಂಬಿ: ಇಲ್ಲ, ಬೈಕಿನವರಿಗೆ ಮೇಲೆ ಹತ್ತಲು ತೊಂದರೆಯಾಗುತ್ತದಂತೆ. ಬೆಳಿಗ್ಗೆ ಸಂಜೆ ಒಬ್ಬ ಪೊಲೀಸ್: ಎರಡು ದಿನ ಬಂದ, ಮೂರನೇ ದಿನ ತಾನೇ ದಾಟಲಾರದೆ ಆಚೆ ಕಡೆಯೇ ನಿಂತುಬಿಟ್ಟ. ಸಿಗ್ನಲ್ ಕಂಬದ ಗುಂಡಿಗೆ ವೈರು: ಅದೂ ಇಲ್ಲ. ಒತ್ತಿದರೆ ಕೆಂಪು ದೀಪ ಹತ್ತಿ ಗಾಡಿ ನಿಲ್ಲಬೇಕು. ಎರಡು ವರ್ಷದಿಂದ ಕಂಬ ಇದೆ, ಗುಂಡಿ ಇದೆ, ದೀಪ ಮಾತ್ರ ಹತ್ತುವುದಿಲ್ಲ. ತಡಮಾಡದೆ ಕೊಟ್ಟದ್ದು ಒಂದೇ. ಅಪ್ಪ ಗಾಡಿಗೆ ಸಿಕ್ಕಿ ಬಿದ್ದ ದಿನ ರಸ್ತೆಗಡ್ಡ ನಿಂತ ನಿಮ್ಮ ಹನ್ನೊಂದು ಜನಕ್ಕೆ ಜೈಲು. ಗುದ್ದಿ ನಿಲ್ಲದೆ ಹೋದವನಿಗೆ ಸಿಕ್ಕಿಬಿದ್ದ ಸಂಜೆಯೇ ಜಾಮೀನು. ಛತ್ರಿ ರಿಪೇರಿ ಅತ್ತೆ ದಿನಾ ಹೇಳುತ್ತಾಳೆ, "ಈ ರಸ್ತೇಲಿ ನಿಲ್ಲೋದೇ ತಪ್ಪು ಕಣೇ. ನಿಲ್ಲದೆ ಹೋಗೋರಿಗೆ ಸಲಾಮು."

ಈಗ ನಿನಗೆ ಗೊತ್ತಿಲ್ಲದ್ದು. ನೀನು ಒಳಗೆ ಹೋದ ಮೇಲೆ ನಮ್ಮ ಅರ್ಜಿಗೆ ಉತ್ತರ ಬಂತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಬರೆದೆವಲ್ಲ, ಅದೇ ಅರ್ಜಿ. ನಾನು 'ಬಟನ್' ಎಂದು ಬರೆದಿದ್ದೆ. ನೀನು ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆದು, "ನಮ್ಮ ಮಾತಿಗೇನು ಬರ ಬಂದಿದೆಯಾ? ಹುಟ್ಟಿದಾಗಿಂದ ಅಂಗಿಗೆ ಗುಂಡಿ ಹೊಲಿದೋಳು ನೀನು. ಗುಂಡಿ ಅಂತ ಬರಿಯೇ" ಎಂದೆ. ಬರೆದೆ. 'ಜನ ದಾಟುವ ಜಾಗದ ಗುಂಡಿ ಎರಡು ವರ್ಷದಿಂದ ಕೆಟ್ಟಿದೆ, ಕೂಡಲೇ ಸರಿಪಡಿಸಬೇಕು.' ಇನ್ನೂರ ಹದಿನಾರು ಸಹಿ. ಉತ್ತರ ಒಂದೂವರೆ ಸಾಲು: 'ಸದರಿ ಸ್ಥಳದ ಗುಂಡಿಯನ್ನು ಮುಚ್ಚಲಾಗಿದೆ. ಅರ್ಜಿ ಇತ್ಯರ್ಥವಾಗಿದೆ.' ಕೆಳಗೆ ಮುಚ್ಚಿದ ತಾರೀಖು. ಅಪ್ಪನಿಗೆ ಗಾಡಿ ಗುದ್ದಿದ್ದು ಅದರ ಮರುದಿನ.

ನಮ್ಮ ಬಾಗಿಲ ಮುಂದಿನ ಹಳ್ಳ, ಅಣ್ಣಾ. ಎಮ್ಮೆ ಮಲಗುವಷ್ಟು ದೊಡ್ಡದು. ವರ್ಷವಿಡೀ ಅದಕ್ಕೆ ಶಾಪ ಹಾಕಿದೆವು. ಆದರೆ ಅದಕ್ಕೆ ಹೆದರಿ ಲಾರಿ, ಬಸ್ಸು ಎಲ್ಲ ಬ್ರೇಕ್ ಹಾಕುತ್ತಿದ್ದವು. ಆ ಒಂದು ಗಳಿಗೆಯಲ್ಲಿ ಬಸುರಿಯರು, ಮುದುಕರು, ಕೋಲು ಹಿಡಿದವರು ದಾಟಿಕೊಳ್ಳುತ್ತಿದ್ದರು. ನಮಗಿದ್ದ ನಿಜವಾದ ಪೊಲೀಸ್ ಆ ಹಳ್ಳ. ಎರಡು ವರ್ಷದಲ್ಲಿ ಒಂದು ವೈರು ಎಳೆಯಲಾರದವರು ಅದನ್ನು ಮೂರು ಗಂಟೆಯಲ್ಲಿ ಮುಚ್ಚಿ, ರೋಲರ್ ಓಡಿಸಿ, ನುಣ್ಣಗೆ ಮಾಡಿ ಹೋದರು. ಡಾಂಬರು ಹಾಕಿದವರಿಗೆ ಕುಡಿಯಲು ನೀರು ಕೊಟ್ಟವಳು ನಾನೇ. ಮರುದಿನ ಅಪ್ಪ ಆಚೆ ಅಂಗಡಿಯಿಂದ ಅಂಗಿ ಗುಂಡಿ ತರಲು ಹೋದರು. ಎಂದಿನಂತೆ ಕಂಬದ ಗುಂಡಿ ಒತ್ತಿಯೇ ಇಳಿದಿರುತ್ತಾರೆ. "ಒತ್ತಿದ್ರೆ ಗಂಟೇನು ಹೋಗುತ್ತೆ? ಒಂದಿನ ಅದಕ್ಕೂ ಕೇಳಿಸುತ್ತೆ" ಎನ್ನುತ್ತಿದ್ದರಲ್ಲ. ಹೋಗುವಾಗ ಪಾರಾದರು. ಬರುವಾಗ ಬ್ರೇಕ್ ಹಾಕಲು ಯಾರಿಗೂ ಕಾರಣವಿರಲಿಲ್ಲ.

ಉತ್ತರ ಹಿಡಿದು ಎಂಜಿನಿಯರ್ ಹತ್ತಿರ ಹೋದೆ. ಕನ್ನಡಕ ಒರೆಸುತ್ತಾ, "ಬಟನ್ ಅಂತ ಬರೀಬೇಕಿತ್ತಮ್ಮಾ. ಗುಂಡಿ ಅಂದ್ರೆ ಗುಂಡಿ ಮುಚ್ಚೋರ ಹತ್ರಾನೇ ಹೋಗೋದು" ಎಂದರು. "ಹಾಗಾದ್ರೆ ಜನ ಎಲ್ಲಿ ದಾಟೋದು ಸಾರ್?" ಎಂದೆ. ಆ ಮನುಷ್ಯ ನಿಜಕ್ಕೂ ಆಶ್ಚರ್ಯದಿಂದ ನೋಡಿ, "ದಾಟಲೇಬೇಕಾ?" ಎಂದ. ಗಾಡಿ ಇಳಿದು ಗಾಡಿ ಹತ್ತುವವನಿಗೆ ಕಾಲಿರುವುದೇ ನೆನಪಿಲ್ಲ. ಕಾಲ ಮೇಲೆ ಬದುಕುವವರು ಅವನ ನಕ್ಷೆಯಲ್ಲೇ ಇಲ್ಲ.

ತಪ್ಪು ನಿನ್ನದಲ್ಲ, ನನ್ನದೂ ಅಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ. ಒಂದು ಸಲವೂ ನಂಬಿಕೆ ಬರುವುದಿಲ್ಲ. ಅಪ್ಪನಿಗೆ ಉತ್ತರ ತೋರಿಸಿಲ್ಲ. ಅವರ ಕೈಯಿಂದ ಚೆಲ್ಲಿದ ಬಿಳಿ ಗುಂಡಿಗಳು ಹಸಿ ಡಾಂಬರಿನಲ್ಲಿ ಟೈರಿಗೆ ಸಿಕ್ಕಿ ಹೂತುಹೋಗಿವೆ, ಒಂದು ಏಳೆಂಟು. ಕಿಟಕಿಯಿಂದ ಕಾಣುತ್ತವೆ. ಬಿಳಿ ಪಟ್ಟೆ ಕೇಳಿದ್ದೆವು. ಈ ರಸ್ತೆಯಲ್ಲಿ ನಮಗೆ ಸಿಕ್ಕ ಬಿಳಿ ಗುರುತು ಇಷ್ಟೇ.

ಜೊತೆಯಲ್ಲಿರುವ ಹತ್ತೂ ಜನಕ್ಕೆ ನನ್ನ ನಮಸ್ಕಾರ ಹೇಳು. ಛತ್ರಿ ಅತ್ತೆ ನಿನಗೆ ಬೈದು ಆಶೀರ್ವಾದ ಕಳಿಸಿದ್ದಾಳೆ. ಹುಷಾರು.

ನಿನ್ನ ತಂಗಿ,
ಗುಬ್ಬಿ

ಮತ್ತೆ, ಅವಸರದಲ್ಲಿ: ಲಕೋಟೆ ಅಂಟಿಸುವ ಮೊದಲೇ ಚಿಕ್ಕಪ್ಪ ಬಂದರು. ಕಾಲು ತೆಗೆದರು, ಮೊಣಕಾಲಿನ ಕೆಳಗೆ. ಎಚ್ಚರವಾದ ಮೇಲೆ ಅಪ್ಪ ಹೇಳಿದರಂತೆ, "ಮಿಷನ್ ತುಳಿಯೋಕೆ ಒಂದು ಸಾಕು ಬಿಡು. ರಸ್ತೆ ದಾಟೋಕೆ ಎರಡೂ ಸಾಲಲಿಲ್ಲ." ಹೊಸ ಅರ್ಜಿ ಬರೆದಿದ್ದೇನೆ. 'ಬಟನ್' ಎಂದೇ ಬರೆದಿದ್ದೇನೆ, ಕ್ಷಮಿಸು. ಏನೂ ಆಗುವುದಿಲ್ಲ, ಗೊತ್ತು. ಆದರೂ ಎಲ್ಲರೂ ಹೋಗುತ್ತಿದ್ದೇವೆ. ಅಹವಾಲು ಸಭೆ ವಾರ್ಡ್ ಕಚೇರಿಯಲ್ಲಿ, ಅಂದರೆ ರಸ್ತೆಯ ಆಚೆ ಕಡೆ. ಬುಧವಾರ, ಸಂಜೆ ಐದು ಗಂಟೆಗೆ.