ರುಮಾಲಿನ ಕೆಳಗೆ ಆದ ಮಾತು

ಸಿಂಧನೂರು
ಈಶ್ವರ ಸಂವತ್ಸರ, ಮಾಘ ಬಹುಳ ಪಂಚಮಿ

ಪ್ರೀತಿಯ ಅಮರಕ್ಕನಿಗೆ ತಮ್ಮ ಬಾಲಪ್ಪನ ನಮಸ್ಕಾರ.

ಯಂಕೋಬ ಮಾವನಿಗೂ ಸಾಲಗುಂದದ ಮನೆಯವರೆಲ್ಲರಿಗೂ ನನ್ನ ನಮಸ್ಕಾರ ಹೇಳು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ನಾಲ್ಕನೇ ಇಯತ್ತೆಯವರೆಗೆ ಓದಿದವನಿಗೆ ಮಾತು ಬೇಗ ಕೂಡಿಬರುವುದಿಲ್ಲ, ಕ್ಷಮಿಸು. ಈ ಸಲ ಸುದ್ದಿ ದೊಡ್ಡದು. ಅವ್ವ ಕುದುರೆ ಕೊಂಡಳು.

ನಗಬೇಡ. ಹೋದ ವರ್ಷ ನಿನ್ನ ಹೆರಿಗೆಗೆ ಅವ್ವ ನಡೆದು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಕೂಸು ಕೈಬಿಟ್ಟು ಹೋಗಿತ್ತಲ್ಲ, ಅಂದಿನಿಂದ ಅವಳದು ಒಂದೇ ಮಾತು. "ಊರಿಗೆಲ್ಲ ಸೂಲಗಿತ್ತಿ ಆಗಿ ನನ್ನ ಮಗಳಿಗೇ ತಡಾ ಆದೆ. ಇನ್ನ ಯಾರ ಮನಿಗೂ ತಡಾ ಆಗಿ ಹೋಗಲ್ಲ." ಮೊಣಕಾಲು ಹಿಡಿದುಕೊಂಡೇ ಊರೂರು ತಿರುಗಿ ನಲವತ್ತು ರೂಪಾಯಿ ಕೂಡಿಸಿದಳು.

ಮಸ್ಕಿ ಸಂತೆಯಲ್ಲಿ ಲಿಂಗಸುಗೂರಿನ ಇಸ್ಮಾಯಿಲ್‌ಸಾಬ್ ಐದು ತಟ್ಟು ಕುದುರೆಗಳನ್ನು ಬೇವಿನ ಮರದ ಕೆಳಗೆ ಕಟ್ಟಿದ್ದರು. ಕೊನೆಗೆ ನಿಂತಿದ್ದ ಕಂದು ಹೆಣ್ಣು ಕುದುರೆ ಅವ್ವನನ್ನು ಕಂಡು ಕಿವಿ ಮುಂದೆ ಮಾಡಿತು. ಕುದುರೆಯ ಕಣ್ಣನ್ನು ಅಷ್ಟು ಹತ್ತಿರದಿಂದ ನಾನೆಂದೂ ನೋಡಿರಲಿಲ್ಲ, ಅಕ್ಕಾ. ಇಡೀ ಸಂತೆ ಅದರೊಳಗೆ ಸಣ್ಣದಾಗಿ ಕಾಣುತ್ತಿತ್ತು. ಮರ, ಗಾಡಿಗಳು, ಅವ್ವ, ನಾನು.

ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಮೇಲೆ ರುಮಾಲು ಹಾಕಿ, ಒಳಗೆ ಬೆರಳು ಹಿಡಿಯುತ್ತಾರೆ. ಬೆರಳಿಗೆ ಹತ್ತು ರೂಪಾಯಿ. ಹೆಂಗಸರು ಕೈ ಕೊಡುವ ರೂಢಿಯಿಲ್ಲ, ನಾನು ಕೊಟ್ಟೆ. ನಾಲ್ಕು ಜನರೆದುರು ಬಾಯಿ ಬಿಡಲಾರದವನಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಎಲ್ಲಿದೆ? ಅವರು ಐದು ಬೆರಳು ಹಿಡಿದರು. ನಾನು ನಾಲ್ಕು ಹಿಡಿದವನು ಬಿಡಲೇ ಇಲ್ಲ.

"ಬಾಯಿ ಇಲ್ಲದಿದ್ರೂ ಹಿಡಿತ ಜೋರೈತಿ ನಿಂದು" ಎಂದು ನಕ್ಕು, ಹಗ್ಗವನ್ನು ನನ್ನ ಕೈಗಿಟ್ಟರು. ಹಗ್ಗ ಕೈಗೆ ಬಂತೆಂದರೆ ವ್ಯಾಪಾರ ಮುಗಿಯಿತು.

ಹೊರಡುವ ಮುಂಚೆ ನೀರು ಕುಡಿಸಿದೆವು. ಅವ್ವ ಸುಮ್ಮನೆ ಅದರ ಹೊಟ್ಟೆ ಸವರುತ್ತಿದ್ದವಳು ಒಂದು ಕಡೆ ಅಂಗೈ ಊರಿ ಕಣ್ಣು ಮುಚ್ಚಿದಳು. ಆಮೇಲೆ ಬಸುರಿಯರ ಮನೆಯಲ್ಲಿ ಹೇಳುವಂತೆಯೇ ಗಟ್ಟಿಯಾಗಿ ಹೇಳಿಬಿಟ್ಟಳು, "ಚಲೋ ಐತಿ. ಒಳಗ ಹೊಳ್ಳಾಡಾಕತ್ತೈತಿ."

"ಏನು ಹೊಳ್ಳಾಡೂದು?" ಎಂದರು ಇಸ್ಮಾಯಿಲ್‌ಸಾಬ್.

"ನಿನಗ ಗೊತ್ತಿಲ್ಲೇನಪ? ಗಬ್ಬ ಐತಿ. ಏಳು ತಿಂಗಳ ಮ್ಯಾಲ."

ಮೂವತ್ತು ವರ್ಷ ಕುದುರೆ ಮಾರಿದವರು ಅವ್ವ ತೋರಿಸಿದಲ್ಲಿ ಕೈಯಿಟ್ಟು ಹಾಗೇ ನಿಂತರು. "ಯವ್ವ, ನಿನ್ನ ಕೈಯಾಗ ಏನೈತಿ?"

"ಬರೇ ಚರ್ಮ ಐತಪ."

ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟಳು. ಮೊದಲು ಬರೀ ಬಿಸಿ. ಆಮೇಲೆ ಅಂಗೈ ಕೆಳಗೆ ಎಳೆಯ ಗೊರಸೊಂದು ಮೆಲ್ಲಗೆ ಸರಿದು ಹೋಯಿತು. ಸಂತೆಯ ಗದ್ದಲವೆಲ್ಲ ಎಲ್ಲಿಗೋ ದೂರ ಹೋದಂತಾಯಿತು. ಅವ್ವನ ಕೈ ದಿನವೂ ಮುಟ್ಟುವುದು ಇದನ್ನೇ ಎಂದು ನನಗೆ ಇಪ್ಪತ್ತು ವರ್ಷಕ್ಕೆ ತಿಳಿಯಿತು.

ಅಷ್ಟರಲ್ಲಿ ಇಸ್ಮಾಯಿಲ್‌ಸಾಬ್ ಹಗ್ಗವನ್ನು ನನ್ನ ಕೈಯಿಂದ ಬಿಡಿಸಿಕೊಂಡರು. "ಅರವತ್ತು. ಎರಡು ಜೀವ ಒಂದರ ರೇಟಿಗೆ ಕೊಟ್ರ ಮನ್ಯಾಗ ನನಗ ಹುಚ್ಚ ಅಂತಾರ."

ಆಗ ಯಾರೋ ಮಾತಾಡಿದರು. ಮಾತಾಡಿದವನು ನಾನೇ. "ಕೈಗೆ ಕೊಟ್ಟ ಹಗ್ಗ ಕಸಗೊಳ್ಳೂದು ಯಾವ ಸಂತಿ ಕಾನೂನ್ರೀ ಸಾಬ್?" ಜನ ತಿರುಗಿ ನೋಡಿದರು. ಆದರೂ ದನಿ ನಿಲ್ಲಲಿಲ್ಲ. "ಮಾತು ರುಮಾಲಿನ ಕೆಳಗ ಮುಗದೈತಿ."

"ಕುದುರಿ ಹಗ್ಗ ಕೊಟ್ಟೀನಪ, ಮರೀದಲ್ಲ" ಎಂದರು. ಆದರೆ ನನ್ನ ಮುಖ ನೋಡಲಿಲ್ಲ.

ನಾಲ್ಕಾರು ಜನ ನನ್ನ ಪರವಾಗಿ ಕೂಗಿದರು. ಅವ್ವನೇ ತಡೆದಳು. "ಜಗಳ ಬ್ಯಾಡ ಬಾಲ್ಯಾ. ನಾ ಬಾಯಿ ಮುಚ್ಕೊಂಡಿದ್ರ ಮರಿ ಪುಕ್ಕಟ ಬರ್ತಿತ್ತು. ಪುಕ್ಕಟ ಬಂದ ಕೂಸು ನನಗ ಬ್ಯಾಡ." ಸೊಂಟದಿಂದ ಇನ್ನೊಂದು ಗಂಟು ಬಿಚ್ಚಿ ಕೊಟ್ಟಳು. ಅವರು ಅದನ್ನು ಅಂಗೈಯಲ್ಲಿ ತೂಗಿ, ತಲೆ ತಗ್ಗಿಸಿ, ಹಗ್ಗವನ್ನು ಈ ಸಲ ಅವ್ವನ ಕೈಗೇ ಕೊಟ್ಟರು.

ಇನ್ನೊಂದು ತಿಂಗಳು ಹಗುರಾಗಿ ಹತ್ತಬಹುದಂತೆ, ಆಮೇಲೆ ಮರಿ ಹಾಕುವವರೆಗೆ ಬಿಡುವು. ಮೊನ್ನೆ ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಕರೆ ಬಂತು. ಅವ್ವ ಕಚ್ಚೆ ಬಿಗಿದು ಹತ್ತಿ ಕೂತಳು. ನೀನು ನೋಡಬೇಕಿತ್ತು. ಕಟ್ಟೆಯ ಮೇಲೆ ಕೂತವರು, ಯಾರೂ ಹೇಳದೆ, ಒಬ್ಬೊಬ್ಬರಾಗಿ ಎದ್ದು ನಿಂತರು. ಏರು ಬಂದಲ್ಲಿ ಇಳಿದು, ಆ ಬಸುರಿ ಕುದುರೆಯ ಜೊತೆ ಬಸುರಿಯಂತೆಯೇ ನಿಧಾನ ನಡೆದಳಂತೆ. ಆದರೂ ನೀರು ಕಾಯುವ ಮೊದಲೇ ಮುಟ್ಟಿದ್ದಳು. ಹೆಣ್ಣು ಕೂಸು, ಇಬ್ಬರೂ ಕ್ಷೇಮ.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆಂದು ತಿಳಿ. ಆ ಕೈ ಎಂಥದ್ದೆಂದು ಈಗ ನನಗೆ ಗೊತ್ತು.

ನಿನ್ನ ತಮ್ಮ
ಬಾಲಪ್ಪ

ಮರೆತದ್ದಲ್ಲ, ಕಡೆಗೆ ಉಳಿಸಿಕೊಂಡದ್ದು: ಇದನ್ನು ಮಾವನ ಕೈಗೆ ಕೊಡದೆ ನೀನೇ ಓದು. ನಾನು ಬೂದಿಯಲ್ಲಿ ಬರೆದು ಕಲಿಸಿದ ಅಕ್ಷರಗಳೇ ಇವು. ಸಂತೆಯಲ್ಲಿ ಅವ್ವ ಬಿಚ್ಚಿ ಕೊಟ್ಟ ಆ ಗಂಟಿನಲ್ಲಿದ್ದದ್ದು ನಿನ್ನ ಕೂಸಿಗೆಂದು ಮಾಡಿಸಿಟ್ಟಿದ್ದ ಬೆಳ್ಳಿ ಉಡದಾರ. ಬರೆಯಬೇಡ ಎಂದಿದ್ದಳು ಅವ್ವ. ಅವಳಿಗೂ ತಿಳಿಯದ ಇನ್ನೊಂದಿದೆ. ನಿನಗೆ ನೋವು ಶುರುವಾದ ಸುದ್ದಿ ಬಂದಾಗ, ವಿರೂಪಾಕ್ಷಪ್ಪನವರ ಗಾಡಿ ಕೇಳಿ ಬಾ ಎಂದು ಅವ್ವ ನನ್ನನ್ನು ಕಳುಹಿಸಿದ್ದಳು. ಅವರ ಕಟ್ಟೆಯ ತುಂಬ ಜನ ಕೂತಿದ್ದರು. ನಾನು ತುಸು ಹೊತ್ತು ನಿಂತು, ಕೇಳದೆಯೇ ಹಿಂದಿರುಗಿ, ಗಾಡಿ ಇಲ್ಲವಂತೆ ಎಂದುಬಿಟ್ಟೆ. ಎತ್ತುಗಳು ಅಂಗಳದಲ್ಲೇ ಇದ್ದವು, ಅಕ್ಕಾ. ಮಸ್ಕಿಯಲ್ಲಿ ಒಂದು ಹಗ್ಗಕ್ಕಾಗಿ ಬಂದ ಬಾಯಿ ಅಂದು ಬರಲಿಲ್ಲ. ಅಂದು ಗಾಡಿ ಇರಲಿಲ್ಲ ಎಂದು ನಂಬಿಯೇ ಅವ್ವ ಈ ಕುದುರೆ ಕೊಂಡಿದ್ದಾಳೆ.