ಮಲವಗೊಪ್ಪದಿಂದ ವಾಪಸಾದ ಗಾಡಿ

ನನ್ನ ಅಪ್ಪಾ,

ದೊಡ್ಡಪ್ಪನ ಕಣ್ಣಿನ ಕಥೆ ಹೇಳಲೆಂದೇ ಈ ಕಾಗದ. ಕೇಳಿ ನೀನು ‘ಪಾಪ’ ಅನ್ನುತ್ತೀಯ, ಗೊತ್ತು. ಅನ್ನಬೇಡ.

ಸೆಲ್ವಂ ಮಾಮ ನೆನಪಿದ್ದಾರಲ್ಲ? ಭದ್ರಾವತಿಯ ಕಾರ್ಖಾನೆಯಲ್ಲಿ ನಿನ್ನ ಜೊತೆಗಿದ್ದವರು. ಕಾದ ಕಬ್ಬಿಣದ ಕಿಡಿ ಸಿಡಿದು ಅವರ ಕಣ್ಣಿನ ಮೇಲೆ ಬಿಳಿ ಕಲೆ ಕೂತಿತ್ತು. ಸತ್ತವರೊಬ್ಬರ ಕಾರ್ನಿಯಾ ಹಾಕಿದ ಮೇಲೆ ನೀನು ಮನೆಗೆ ಓಡಿ ಬಂದು, “ಸೆಲ್ವಂ ಬಸ್ ಬೋರ್ಡ್ ಓದ್ದ ಕಣೇ! ನಂದೂ ಕೊಟ್ಬಿಡ್ಬೇಕು, ಮರೀಬೇಡ” ಅಂದಿದ್ದೆ. ನಾನು ಮರೆತಿರಲಿಲ್ಲ ಅಪ್ಪಾ.

ನೀನು ಹೋದ ಬೆಳಿಗ್ಗೆ ಐ ಬ್ಯಾಂಕಿಗೆ ಫೋನ್ ಮಾಡಿ, ಅವರು ಹೇಳಿದಂತೆ ಫ್ಯಾನ್ ಆರಿಸಿ, ನಿನ್ನ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟಿದ್ದೆ. ದೊಡ್ಡಪ್ಪ ಬಂದವರೇ, “ದರ್ಭೆ ಮೇಲೆ ಮಲಗ್ಸಿದ ದೇಹಕ್ಕೆ ದಿಂಬು ಕೊಟ್ಟೋರು ಯಾರೇ?” ಎಂದು ಎಳೆದು ಬಿಸಾಡಿದರು. ಫ್ಯಾನ್ ಹಾಕಿದರು. ನಾನು ಒಳಗೆ ಅಮ್ಮನನ್ನು ಹಿಡಿದುಕೊಂಡು ಕೂತಿದ್ದಾಗ ನನ್ನ ಫೋನ್ ರಿಂಗಾಯಿತಂತೆ. ಶಿವಮೊಗ್ಗದಿಂದ ಹೊರಟ ಐ ಬ್ಯಾಂಕಿನ ಗಾಡಿ ಮಲವಗೊಪ್ಪಕ್ಕೆ ಬಂದಿತ್ತು. ದೊಡ್ಡಪ್ಪನೇ ಫೋನ್ ಎತ್ತಿ, “ದಹನ ಆಗೋಯ್ತು, ಬರ್ಬೇಡಿ” ಅಂದುಬಿಟ್ಟರು. ನೀನಿನ್ನೂ ನಡುಮನೆಯಲ್ಲೇ ಇದ್ದೆ! ಗಾಡಿ ಯಾಕೆ ಬರಲಿಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ನಿನ್ನನ್ನು ಎತ್ತಿಯಾಗಿತ್ತು. “ಕಣ್ಣಿಲ್ದೆ ಹೋದ್ರೆ ಮುಂದಿನ ಜನ್ಮಕ್ಕೆ ಕುರುಡ ಆಗ್ತಾನೆ ಮಾರಾಯ್ತಿ” ಎಂದು ನನಗೇ ಬುದ್ಧಿ ಹೇಳಿದರು. ನಿನ್ನ ಕೊನೆಯ ಮಾತೊಂದನ್ನು ನಡೆಸಲಾಗದ ಮಗಳಿಗೆ...

ಈ ವರ್ಷ ದೊಡ್ಡಪ್ಪನ ಕಣ್ಣೇ ಮಂಜಾಯಿತು. ಪೊರೆ ತೆಗೆಸಿದ ಮೇಲೆ ಕಾರ್ನಿಯಾ ಊದಿಕೊಂಡಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು ಎಂದು ದೊಡ್ಡಮ್ಮ ಕೇಳಿದಾಗ ನಾನು ಒಪ್ಪಿದ್ದು ಕರುಣೆಯಿಂದಲ್ಲ. ಅವರ ಪಾಡು ನೋಡಬೇಕಿತ್ತು ನನಗೆ. ಈಗ ಇಡೀ ಕಾರ್ನಿಯಾ ಬದಲಿಸಬೇಕಿಲ್ಲ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಳಪದರ ಸಾಕು ಎಂದರು ಡಾಕ್ಟರ್. ಜಪಾನಿನಲ್ಲಿ ಜೀವಕೋಶ ಬೆಳೆಸಿ ಸೂಜಿಯಲ್ಲೇ ಕಣ್ಣಿಗೆ ಬಿಡುತ್ತಾರಂತೆ. ದೊಡ್ಡಪ್ಪನ ಮುಖ ಅರಳಿತು. “ಹಂಗಾದ್ರೆ ಫಾರಿನ್ನಿಂದ್ಲೇ ತರ್ಸಿ ಸಾರ್.”

“ಅಲ್ಲೂ ಆ ಜೀವಕೋಶಕ್ಕೆ ಬೀಜ ಸತ್ತೋರ ಕಣ್ಣೇ ಯಜಮಾನ್ರೇ. ನಿಮಗಂತೂ ಯಾರೋ ಸತ್ತ ಮನೆಯೋರು ಹೂಂ ಅನ್ಬೇಕು, ಅಲ್ಲೀತನಕ ಕಾಯ್ಬೇಕು.”

ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. ಅವತ್ತು ನನಗಾದ ಸಂತೋಷವನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಆಪರೇಷನ್ ಆದ ದಿನ ಅವರ ಪಕ್ಕದಲ್ಲಿ ನಾನೇ ಇದ್ದೆ. ಹೊಸ ಪದರ ಅಂಟಿಕೊಳ್ಳಲೆಂದು ಕಣ್ಣೊಳಗೆ ಗಾಳಿ ತುಂಬಿದ್ದರು. ಅಂಗಾತ, ಸಮನಾಗಿ ಮಲಗಿರಬೇಕು. ಕತ್ತು ನೋವೆಂದು ದಿಂಬು ಕೇಳಿದರು. “ದಿಂಬು ಕೊಡೋ ಹಾಗಿಲ್ಲ ದೊಡ್ಡಪ್ಪ” ಅಂದೆ. ಎಷ್ಟು ಮೆತ್ತಗೆ ಅಂದೆ ಗೊತ್ತಾ?

ನಿನ್ನೆ ತಪಾಸಣೆಗೆ ಹೋದಾಗ ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು, “ಯಾರ್ದಂತೇ ಇದು? ಯಾವ ಪುಣ್ಯಾತ್ಮಂದು?” ಎಂದು ಕೇಳಿದರು.

“ಹೆಸರು ಹೇಳಲ್ಲ ಅವ್ರು. ಆ ಮನೇಲಿ ನಿಮ್ಮಂಥ ಹಿರಿಯರು ಇರ್ಲಿಲ್ಲ ಅಷ್ಟೇ. ನಿಮ್ಮ ಅದೃಷ್ಟ.”

ದೊಡ್ಡಪ್ಪ ಅತ್ತರು ಅಪ್ಪಾ. ಎರಡು ಕಣ್ಣಲ್ಲೂ. ನನ್ನ ಜಾಗದಲ್ಲಿ ನೀನಿದ್ದಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ನಾನು ಎದ್ದು ಹೋಗಿ ಆಟೋ ಕರೆದೆ.